ಹದಿನಾಲ್ಕು ಪೌಂಡ್ ಗಾಳಿ

12 ಅಕ್ಟೋಬರ್ 2024, ಶನಿವಾರ

ರಬಾಳೆಯ ಫ್ಯಾಕ್ಟರಿಯಿಂದ ನಿವೃತ್ತನಾದ ದಿನ ಮನೆಗೆ ತಂದ ಲಾಗ್ ಬುಕ್ ಇದು. ಒಂದು ಪುಟವೂ ತುಂಬಿರಲಿಲ್ಲ. ಮೂವತ್ತಮೂರು ವರ್ಷ ಇಂಥದ್ದೇ ಪುಸ್ತಕದಲ್ಲಿ ಬಾಯ್ಲರಿನ ಒತ್ತಡ, ಟ್ಯಾಂಕಿನ ಮಟ್ಟ ಬರೆದು, ಕೆಳಗೆ ಪೂವಪ್ಪ ಎಂದು ಸಹಿ ಹಾಕಿದವನು ನಾನು. ಈಗ ಬಾಯ್ಲರ್ ಇಲ್ಲ. ಆದರೆ ಮಂಗಳವಾರದಿಂದ ಹೆಂಡತಿ ಬಾಗಿಗೆ ಡಯಾಲಿಸಿಸ್ ಶುರು. ಏನಾದರೂ ಬರೆಯುತ್ತಿದ್ದರೆ ತಲೆ ಸ್ವಲ್ಪ ನೆಟ್ಟಗಿದ್ದೀತು ಎಂದು ಪುಸ್ತಕ ಹೊರಗೆ ತೆಗೆದಿದ್ದೇನೆ.

ನಮ್ಮ ಡೊಂಬಿವಲಿಯ ಡಯಾಲಿಸಿಸ್ ಸೆಂಟರಿನಲ್ಲಿ ಎಲ್ಲ ಪಾಳಿಯೂ ಭರ್ತಿ. ಸಿಕ್ಕಿದ್ದು ಠಾಣೆಯ ನೌಪಾಡಾದಲ್ಲಿ. ಮಂಗಳ, ಗುರು, ಶನಿ, ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ಆ ಹೊತ್ತಿನ ಲೋಕಲ್ ರೈಲಿನಲ್ಲಿ ಗಟ್ಟಿಮುಟ್ಟಾದವರಿಗೇ ಕಾಲೂರಲು ಜಾಗವಿರುವುದಿಲ್ಲ. ಬರುವಾಗಂತೂ ಅವಳಿಗೆ ನಿಲ್ಲಲೂ ತ್ರಾಣ ಇರುವುದಿಲ್ಲವಂತೆ. ಹಾಗಾಗಿ ನಮ್ಮ ಗಾಡಿಯೇ ಗತಿ. ಸೆಕೆಂಡ್ ಹ್ಯಾಂಡ್ ಕಾರು, ಸಣ್ಣ ಎಂಜಿನ್, ಟರ್ಬೋ ಇರುವುದು.

ಇವತ್ತು ದಸರಾ. ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ವಾಹನಪೂಜೆ ಮಾಡಿದೆವು. ಎಂಜಿನ್‌ಗೂ ಕುಂಕುಮ ಇಡಬೇಕೆಂದು ಬಾಗಿ ಬಾನೆಟ್ ತೆಗೆಸಿದಳು. ಯಾವುದು ಯಾವುದೆಂದು ಕೇಳಿದಳು. ಟರ್ಬೋ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಖ, ಏರಿನಲ್ಲಿ ಗಾಡಿ ಎಳೆಯುವುದೇ ಅದರಿಂದ ಎಂದೆ. ಮುಂದುಗಡೆ ಬಾಯಿ ತೆರೆದುಕೊಂಡಿರುವ ಕಪ್ಪು ಪೈಪ್ ತೋರಿಸಿ, ಇದು ಗಾಡಿಯ ಮೂಗು, ಉಸಿರು ಒಳಗೆ ಹೋಗುವುದು ಇಲ್ಲಿಂದ ಎಂದೆ. ನಿಂಬೆಹಣ್ಣು ಮರೆತು ಬಂದಿದ್ದೆ. ಮೇಲೆ ಹೋಗಿ ತರುವಾಗಲೂ ಅವಳು ಬಾನೆಟ್ಟಿನ ಹತ್ತಿರವೇ ನಿಂತಿದ್ದಳು.

"ಎಂತ ನೋಡ್ತಿದ್ದಿ?"

"ಎಂತ ಇಲ್ಲ. ಗಾಡಿಗೂ ಎಷ್ಟು ನರ ಉಂಟು ಮಾರಾಯ್ರೆ."

ನಗುತ್ತಲೇ ಇರುತ್ತಾಳೆ. ಡಯಾಲಿಸಿಸ್‌ನ ಸೂಜಿ ಚುಚ್ಚಲೆಂದು ಎರಡು ತಿಂಗಳ ಹಿಂದೆ ಎಡಗೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಮಣಿಕಟ್ಟಿನ ಮೇಲೆ ಕೈ ಇಟ್ಟರೆ ಗುಂಯ್ ಅನ್ನುತ್ತದಂತೆ. ಒಳಗೆ ಮೋಟಾರ್ ಉಂಟು, ಮುಟ್ಟಿ ನೋಡಿ ಅಂತಾಳೆ. ನಾನು ಮುಟ್ಟಿಲ್ಲ. ನನಗೆ ಹೆದರಿಕೆ. ಇಲ್ಲಿ ಬರೆದರೆ ತಪ್ಪಿಲ್ಲ, ಯಾರೂ ಓದುವುದಿಲ್ಲ.

15 ಅಕ್ಟೋಬರ್, ಮಂಗಳವಾರ

ಹೊರಟದ್ದು 5.40. ತಲುಪಿದ್ದು 6.35. ಗಾಡಿ ಸರಿ ಇತ್ತು. ಬಾಗಿ ಒಳಗೆ ಹೋದಳು. ನಾನು ಹೋಗಲಿಲ್ಲ. ಪಾರ್ಕಿಂಗ್ ಇಕ್ಕಟ್ಟು, ಯಾರಾದರೂ ಗೀಚಿಬಿಟ್ಟರೆ ಕಷ್ಟ. ನಾಲ್ಕು ಗಂಟೆ ಗಾಡಿಯಲ್ಲೇ ಕುಳಿತೆ.

ಬದಲಾಪುರದಿಂದ ರಮಿತಾ ಫೋನ್ ಮಾಡಿದಳು. ಮಗಳಿಗೆ ನಮ್ಮ ಮಾತು ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಮಮ್ಮಿ ಕೆ ಪಾಸ್ ಕೌನ್ ಬೈಠಾ ಹೈ?" ಅಮ್ಮನ ಹತ್ತಿರ ನರ್ಸ್ ಇದ್ದಾಳೆ ಎಂದೆ.

17 ಅಕ್ಟೋಬರ್, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶೀಳ್ ಫಾಟಾ ದಾಟಿ ಮುಂಬ್ರಾ ಬೈಪಾಸಿನ ಏರು. ಎಡಕ್ಕೆ ಗುಡ್ಡ, ಹಿಂದೆ ಕಂಟೇನರ್ ಟ್ರಕ್. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಎಳೆಯಿತು, ಎಳೆಯಿತು, ಆಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಸೋತುಹೋಯಿತು. ಪೂರ್ತಿ ತುಳಿದರೂ ಇಲ್ಲ. ಎಂಜಿನ್ ನಿಂತಿಲ್ಲ, ಲೈಟ್ ಉರಿದಿಲ್ಲ, ತ್ರಾಣ ಮಾತ್ರ ಇಲ್ಲ. ಕನ್ನಡಿಯಲ್ಲಿ ಟ್ರಕ್ಕಿನ ಮುಖ ದೊಡ್ಡದಾಗುತ್ತಾ ಬಂತು. ಹಾರ್ನ್ ಹೊಡೆಯುತ್ತಾ ಒಂದು ಅಡಿ ಅಂತರದಲ್ಲಿ ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಬದಿಗೆ ನಿಲ್ಲಿಸಿ ಐದು ನಿಮಿಷ ಬಿಟ್ಟು ಹೊರಟರೆ ಏನೂ ಆಗದ ಹಾಗೆ ಹೋಯಿತು.

"ಅದಕ್ಕೂ ನನ್ನ ಹಾಗೆ ಸುಸ್ತು," ಎಂದಳು ಬಾಗಿ. ನನಗೆ ನಗು ಬರಲಿಲ್ಲ. ಸ್ವಲ್ಪ ಸಿಡುಕಿದೆ ಕೂಡ. ಅವಳನ್ನು ಒಳಗೆ ಕಳಿಸಿದ ಮೇಲೆ ಗಾಡಿಯಲ್ಲಿ ಕುಳಿತು ಪಶ್ಚಾತ್ತಾಪಪಟ್ಟೆ.

21 ಅಕ್ಟೋಬರ್, ಸೋಮವಾರ

ಸರ್ವಿಸ್ ಸೆಂಟರ್‌ನವರು ಕಂಪ್ಯೂಟರ್ ಹಚ್ಚಿ ನೋಡಿದರು. ಏನೂ ಇಲ್ಲವಂತೆ. ಏರ್ ಫಿಲ್ಟರ್ ಹೊಸದೇ ಹಾಕಿದರು. ಟೈ ಕಟ್ಟಿದ ಒಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ಗೇರ್ ಬರಾಬರ್ ಡಾಲ್ತೇ ಹೋ ನಾ?" ಎಂದು ಕೇಳಿದ. ನಾನು ಗೇರ್ ಹಾಕುವುದು ಕಲಿತಾಗ ಇವನ ಅಪ್ಪನಿಗೆ ಮೀಸೆ ಬಂದಿತ್ತೋ ಇಲ್ಲವೋ.

ಕಲ್ಯಾಣಿನಲ್ಲಿ ಗ್ಯಾರೇಜ್ ಇಟ್ಟಿರುವ ಕಿಟ್ಟಣ್ಣನ ಹತ್ತಿರ ಹೋದೆ. ಪುತ್ತೂರಿನವನು, ಹಳೆಯ ಪರಿಚಯ. ಅವನೂ ಗಾಳಿಯ ರಬ್ಬರ್ ಹೋಸುಗಳನ್ನೆಲ್ಲ ತಡವಿ ನೋಡಿ ಕೈ ಒರೆಸಿಕೊಂಡ. "ನಿಂತ ಗಾಡಿಯಲ್ಲಿ ಎಂತದೂ ಸಿಕ್ಕುವುದಿಲ್ಲ ಪೂವಪ್ಪಣ್ಣ. ಓಡುವಾಗ ಟರ್ಬೋ ಎಷ್ಟು ಗಾಳಿ ಒತ್ತುತ್ತದೆ ಅಂತ ಕಾಣಬೇಕು."

"ಹಾಗಾದರೆ ಒತ್ತಡ ತೋರಿಸುವ ಗೇಜ್ ಹಾಕಬೇಕು."

"ಹುಡುಗರು ಶೋಕಿಗೆ ಹಾಕ್ತಾರೆ, ಬೂಸ್ಟ್ ಗೇಜ್ ಅಂತ. ನೀವು ಹಾಕ್ತೀರಾ ಈ ಪ್ರಾಯದಲ್ಲಿ?"

ಪ್ರಾಯ ಎಷ್ಟಾದರೇನು. ಗೇಜ್ ಇಲ್ಲದ ಪೈಪನ್ನು ನಾನು ಇಡೀ ಜನ್ಮದಲ್ಲಿ ನಂಬಿದವನಲ್ಲ.

24 ಅಕ್ಟೋಬರ್, ಗುರುವಾರ

ಮತ್ತೆ ಸೋತಿತು. ಅದೇ ಏರು. ಹಿಂದೆ ಬಸ್.

ನಿನ್ನೆಯಿಂದ ಊಟ ಸೇರುತ್ತಿಲ್ಲ. ಬಾಗಿಗೆ ಹೇಳಿಲ್ಲ. ಒಂದು ದಿನ ತಪ್ಪಿದರೆ ಅವಳ ಎದೆಯಲ್ಲಿ ನೀರು ತುಂಬುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಹೋಗುವ ದಾರಿಯಲ್ಲೇ ಏನಾದರೂ ಆದರೆ? ಇದೇ ಯೋಚನೆ. ಬೆಳಗ್ಗೆ ಎದ್ದ ಕೂಡಲೇ ಆ ಏರು ಕಣ್ಣಿಗೆ ಬರುತ್ತದೆ.

27 ಅಕ್ಟೋಬರ್, ಭಾನುವಾರ

ಗೇಜ್ ಹಾಕಿದೆ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ.

ಕೆಲಸ ದೊಡ್ಡದಲ್ಲ. ಎಂಜಿನ್‌ಗೆ ಗಾಳಿ ಸೇರುವ ಕಡೆಯಿಂದ ಹೊರಟ ಒಂದು ಸಣ್ಣ ರಬ್ಬರ್ ಹೋಸ್ ಕತ್ತರಿಸಿ, ನಡುವೆ ಟಿ ಆಕಾರದ ಜೋಡಣೆ ಕೂರಿಸಬೇಕು. ಅದರ ಮೂರನೇ ಬಾಯಿಯಿಂದ ತೆಳ್ಳಗಿನ ಹೋಸನ್ನು ಗಾಡಿಯೊಳಗೆ ತಂದು ಗೇಜಿಗೆ ಕೊಡಬೇಕು. ಫ್ಯಾಕ್ಟರಿಯಲ್ಲಿ ಇಂಥದ್ದನ್ನು ಸಾವಿರ ಸಲ ಮಾಡಿದ್ದೇನೆ, ಹರಟೆ ಹೊಡೆಯುತ್ತಾ ಮಾಡಿದ್ದೇನೆ. ಇವತ್ತು ಬ್ಲೇಡ್ ಹಿಡಿದುಕೊಂಡು ಹತ್ತು ನಿಮಿಷ ಸುಮ್ಮನೆ ನಿಂತೆ. ಕತ್ತರಿಸಿದ ಮೇಲೆ ಸೋರಿದರೆ? ಇದ್ದ ತ್ರಾಣವೂ ಹೋದರೆ? ಬಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದಳು.

"ನನ್ನ ಕೈ ಕೊಯ್ಯುವಾಗ ಆ ಡಾಕ್ಟರು ಇಷ್ಟು ಹೊತ್ತು ಯೋಚನೆ ಮಾಡ್ಲಿಲ್ಲ," ಎಂದಳು.

ಕತ್ತರಿಸಿದೆ. ಎರಡೂ ಕಡೆ ಕ್ಲಾಂಪ್ ಬಿಗಿದು, ಸೋಪಿನ ನೀರು ಹಚ್ಚಿ ಊದಿ ನೋಡಿದೆ. ಗುಳ್ಳೆ ಏಳಲಿಲ್ಲ. ಎಂಜಿನ್ನಿನ ಕಡೆಯಿಂದ ಗಾಡಿಯೊಳಗೆ ಬರುವ ತಗಡಿನ ಗೋಡೆಯಲ್ಲಿ ವೈರುಗಳಿಗೆಂದು ಒಂದು ರಬ್ಬರ್ ತೂತು ಇದೆ. ಹೋಸ್ ಅಲ್ಲಿ ಮಡಚಿಕೊಳ್ಳುತ್ತಿತ್ತು, ದಾಟುತ್ತಿರಲಿಲ್ಲ. ಬಾಗಿ ಮನೆಗೆ ಹೋಗಿ ಕಸ ಗುಡಿಸುವ ಹಿಡಿಸೂಡಿಯಿಂದ ನಾಲ್ಕು ಕಡ್ಡಿ ಕಿತ್ತು ತಂದಳು. ಕಡ್ಡಿಗಳಿಗೆ ಹೋಸ್ ಕಟ್ಟಿ ನಾನು ಆ ಕಡೆಯಿಂದ ತಳ್ಳಿದೆ, ಅವಳು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ಬಲಗೈಯಿಂದ ಹಿಡಿದಳು. ಎಡಗೈಯಲ್ಲಿ ಭಾರ ಎಳೆಯಬಾರದು.

"ಬಂತು ಬಂತು, ಮೆಲ್ಲ," ಎಂದಳು. ಹೆರಿಗೆಮನೆಯ ಸೂಲಗಿತ್ತಿಯ ಹಾಗೆ.

ಗಾಜಿನ ಪಕ್ಕದ ಕಂಬಕ್ಕೆ ಗೇಜ್ ಕೂರಿಸಿದೆ. ಎಂಜಿನ್ ಶುರು ಮಾಡಿದಾಗ ಮುಳ್ಳು ಸೊನ್ನೆಯ ಕೆಳಕ್ಕೆ ಹೋಗಿ ನಿಂತಿತು. ಗಾಡಿ ನಿಂತಿರುವಾಗ ಎಂಜಿನ್ ಗಾಳಿ ಎಳೆಯುವುದಷ್ಟೇ, ಟರ್ಬೋ ಒತ್ತುವುದಿಲ್ಲ; ಹಾಗಾಗಿ ಸರಿಯಾದ ಗುರುತು. ಈ ಗಾಡಿಗೆ ಏರಿನಲ್ಲಿ ಹದಿನಾಲ್ಕು ಪೌಂಡ್ ಒತ್ತಡ ಬರಬೇಕು ಎಂದಿದ್ದಾನೆ ಕಿಟ್ಟಣ್ಣ. ನೋಡೋಣ.

29 ಅಕ್ಟೋಬರ್, ಮಂಗಳವಾರ

ಇವತ್ತು ನಾನೇ ಅವಳನ್ನು ಕೊಲ್ಲುತ್ತಿದ್ದೆ.

ಏರಿನಲ್ಲಿ ಮುಳ್ಳು ಎಂಟು, ಹತ್ತು, ಹನ್ನೆರಡು ಎಂದು ಹತ್ತುತ್ತಿತ್ತು. ಹದಿನಾಲ್ಕಾಗುತ್ತದಾ ಎಂದು ಅದನ್ನೇ ನೋಡುತ್ತಿದ್ದೆ.

"ಎದುರು ನೋಡಿ," ಎಂದಳು ಬಾಗಿ. ಕೂಗಲಿಲ್ಲ. ಅನ್ನ ಸೀಯ್ತಾ ಉಂಟು ಎನ್ನುವಷ್ಟೇ ಸ್ವರ.

ಎದುರಿನ ಟ್ರಕ್ ನಿಂತಿತ್ತು. ಅದರ ಕಬ್ಬಿಣದ ಹಿಂಬದಿಗೂ ನಮ್ಮ ಬಾನೆಟ್ಟಿಗೂ ಒಂದು ಗೇಣು. ಬ್ರೇಕ್ ತುಳಿದ ಕಾಲು ತೆಗೆಯಲು ಬರಲಿಲ್ಲ. ಅವಳ ಬ್ಯಾಗ್ ಕೆಳಗೆ ಬಿದ್ದು ರಿಪೋರ್ಟುಗಳೆಲ್ಲ ಚೆಲ್ಲಿದ್ದವು. ಒಂದೊಂದಾಗಿ ಹೆಕ್ಕಿ, ತಾರೀಖು ನೋಡಿ ಜೋಡಿಸಿದಳು. ಆಮೇಲೆ ಹೇಳಿದಳು, "ನಾಳ್ದಿಂದ ಮುಳ್ಳು ನಾನು ನೋಡ್ತೇನೆ. ನೀವು ರಸ್ತೆ ನೋಡಿ. ಎರಡೂ ಒಬ್ಬರಿಂದ ಆಗುವ ಕೆಲಸ ಅಲ್ಲ."

ಹೂಂ ಎಂದೆ.

2 ನವೆಂಬರ್, ಶನಿವಾರ

ಗೇಜನ್ನು ಅವಳ ಕಡೆಗೆ ತಿರುಗಿಸಿದ್ದೇನೆ. ಪಟಾಕಿಯ ಹೊಗೆ ಇನ್ನೂ ಇಳಿದಿರಲಿಲ್ಲ, ರಸ್ತೆ ಖಾಲಿ. ಏರು ಬಂದಾಗ ಅವಳು ಹೇಳುತ್ತಾ ಹೋದಳು.

"ಆರು. ಒಂಬತ್ತು. ಹನ್ನೆರಡು. ಹನ್ನೆರಡರಲ್ಲೇ ಉಂಟು. ಈಗ ಇಳೀತಾ ಉಂಟು. ಎಂಟು. ನಾಲ್ಕು. ಮಾರಾಯ್ರೆ, ನಾಲ್ಕು."

ಅವಳು ನಾಲ್ಕು ಎನ್ನುವಾಗಲೇ ನನ್ನ ಕಾಲಿಗೂ ಗೊತ್ತಾಯಿತು. ಕಾಲು ತೆಗೆದು ಮತ್ತೆ ಒತ್ತಿದರೆ ಹನ್ನೆರಡು, ಆಮೇಲೆ ಪುನಃ ಇಳಿತ. ಹೆದರಿಕೆಯ ನಡುವೆಯೂ ಒಂದು ಸಮಾಧಾನ: ನನ್ನ ಭ್ರಮೆಯಲ್ಲ, ಗೇರಿನ ತಪ್ಪೂ ಅಲ್ಲ. ಗಾಳಿ ನಿಜವಾಗಿಯೂ ಎಲ್ಲೋ ನಿಲ್ಲುತ್ತಿದೆ. ಅವಳು ಹೇಳಿದ ಅಂಕಿಗಳನ್ನೆಲ್ಲ ಪಾರ್ಕಿಂಗಿನಲ್ಲಿ ಕುಳಿತು ಬರೆದಿಟ್ಟೆ.

5 ನವೆಂಬರ್, ಮಂಗಳವಾರ

ಹತ್ತು ಗಂಟೆಗೆ ಒಳಗಿನಿಂದ ಫೋನ್. ಬಾಗಿಯ ಬಿ.ಪಿ. ಇಳಿದಿದೆ, ಬನ್ನಿ ಎಂದರು.

ಓಡಿದೆ. ಬಾಗಿಲಿನ ತನಕ ಓಡಿದೆ. ಯಂತ್ರ ಕೂಗುತ್ತಿತ್ತು. ಅವಳ ಕಾಲಿನ ಕಡೆ ಮಂಚ ಎತ್ತರಿಸಿದ್ದರು, ಅವಳ ಮುಖ ಬೂದಿಯ ಬಣ್ಣ. "ಕಾಕಾ, ಆತ್ ಯಾ ನಾ," ಎಂದು ಸಿಸ್ಟರ್ ಒಳಗೆ ಕರೆದಳು. ಚಪ್ಪಲಿ ಕೊಳೆಯಾಗಿದೆ ಎಂದೆ. ಆಯಿತು, ನಾನು ಹೇಳಿದ್ದು ಅಷ್ಟೇ. ಹತ್ತು ನಿಮಿಷದಲ್ಲಿ ಬಿ.ಪಿ. ಮೇಲೆ ಬಂತು. ಅಲ್ಲಿಯವರೆಗೂ ಹೊಸ್ತಿಲಿನ ಈಚೆಗೇ ನಿಂತಿದ್ದೆ.

ಬಾಯ್ಲರ್ ಕೂಗಿದಾಗ ಎಲ್ಲರೂ ಹೊರಗೆ ಓಡಿದರೆ ನಾನು ಒಳಗೆ ಓಡುತ್ತಿದ್ದೆ.

ವಾಪಸು ಬರುವಾಗ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ನೀವು ಬಾಗಿಲಲ್ಲಿ ಇದ್ರಿ ಅಲ್ವಾ? ಕಂಡಿತು." ಬಯ್ದಿದ್ದರೆ ಚೆನ್ನಾಗಿತ್ತು.

7 ನವೆಂಬರ್, ಗುರುವಾರ

ಇವತ್ತೂ ನಾಲ್ಕಕ್ಕೆ ಇಳಿಯಿತು. ಬರುವಾಗ ಗಾಡಿ ಬದಿಗೆ ನಿಲ್ಲಿಸಿ, ಕಿಟ್ಟಣ್ಣನಿಗೆ ಸ್ಪೀಕರಿನಲ್ಲಿ ಫೋನ್ ಮಾಡಿ ಅಂಕಿಗಳನ್ನೆಲ್ಲ ಓದಿ ಹೇಳಿದೆ.

"ಟರ್ಬೋಗೆ ಗಾಳಿ ಸಿಕ್ಕಿದರಲ್ವಾ ಅದು ಕೊಡುವುದು?" ಎಂದ. "ನಾವು ಟರ್ಬೋದಿಂದ ಮುಂದೆಯೇ ಹುಡುಕಿದ್ದು. ಗಾಳಿ ಬರುವ ದಾರಿಯಲ್ಲಿ ಹಿಂದೆ ಹೋಗಿ. ಫಿಲ್ಟರಿಗಿಂತ ಮುಂಚಿನ ಪೈಪ್ ಬಿಚ್ಚಿ ನೋಡಿ. ಅದನ್ನು ಯಾರೂ ಬಿಚ್ಚುವುದಿಲ್ಲ."

"ಅದು ಮೂಗಾ?" ಎಂದು ಬಾಗಿ ನಡುವೆ ಬಾಯಿ ಹಾಕಿದಳು.

"ಹೌದಕ್ಕ, ಮೂಗು ಅಂತಲೇ ಇಟ್ಟುಕೊಳ್ಳಿ."

ಆಮೇಲೆ ಡೊಂಬಿವಲಿ ಬರುವ ತನಕ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಸುಸ್ತಿರಬೇಕು. ಮಧ್ಯಾಹ್ನದ ಗಂಜಿಯನ್ನೂ ಅರ್ಧಕ್ಕೆ ಬಿಟ್ಟಳು. ಯಾಕೋ ತುಂಬ ಹೆದರಿಕೆಯಾಗುತ್ತಿದೆ.

10 ನವೆಂಬರ್, ಭಾನುವಾರ

ಸಿಕ್ಕಿತು.

ಪೈಪ್ ಫಿಲ್ಟರಿನ ಡಬ್ಬಿಗೆ ಸೇರುವ ಕತ್ತಿನಲ್ಲಿ ಒಂದು ಬಟ್ಟೆಯ ಗಂಟು. ಬೆರಳು ಹಾಕಿ ಎಳೆದೆ. ಮೊದಲು ಇಲಿಯ ಗೂಡು ಎಂದುಕೊಂಡೆ. ನೀಲಿ ಬಟ್ಟೆ, ಬಿಳಿ ಚುಕ್ಕಿ. ಬಾಗಿಯ ಹಳೆಯ ರವಿಕೆಯದು. ಬಿಚ್ಚಿದರೆ ಒಳಗೆ ಕಾಗದ, ಕಾಗದದೊಳಗೆ ಒಣಗಿದ ಗಂಧ, ಎರಡು ಹೂವಿನ ಎಸಳು. ಅವಳ ತಮ್ಮ ಅಂಗಾರ ಊರಿನ ದೈವಸ್ಥಾನದಿಂದ ಕಳಿಸಿದ್ದ ಪ್ರಸಾದ.

ಮೊದಲೆರಡು ದಿನ ಪೈಪಿನ ಬಾಯಿಯಲ್ಲೇ ಇದ್ದಿರಬೇಕು. ಆಮೇಲೆ ಜಾರಿ ಒಳಗೆ ಹೋಗಿದೆ. ಮೆಲ್ಲಗೆ ಹೋಗುವಾಗ ಪೈಪಿನ ತಿರುವಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ಏರಿನಲ್ಲಿ ಎಂಜಿನ್ ಜೋರಾಗಿ ಉಸಿರೆಳೆದಾಗ ಮೇಲೆದ್ದು ಕತ್ತಿಗೆ ಅಡ್ಡ ಕೂರುತ್ತದೆ. ಕಾಲು ತೆಗೆದರೆ ಪುನಃ ಕೆಳಗೆ. ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಹೋಗಿ ಅವಳ ಚಹಾದ ಲೋಟದ ಪಕ್ಕ ಇಟ್ಟೆ. ಸಿಟ್ಟು ಬಂದಿತ್ತು. ಆ ಟ್ರಕ್ಕಿನ ಮುಖ ಕಣ್ಣಿನಲ್ಲಿತ್ತು. ಬಯ್ಯಬೇಕೆಂದೇ ಹೋದವನು. ಅವಳು ಗಂಟು ನೋಡಿದಳು.

"ಸಿಕ್ಕಿತಾ," ಎಂದಳು. "ಮೊನ್ನೆ ಕಿಟ್ಟಣ್ಣ ಹೇಳುವಾಗಲೇ ಗೊತ್ತಾಯ್ತು. ಹೇಳ್ಲಿಕ್ಕೆ ನಾಚಿಕೆ ಆಯ್ತು. ಉಸಿರು ಹೋಗುವ ಜಾಗ ಅಂತ ನೀವೇ ತೋರಿಸಿದ್ದಲ್ವಾ. ಅಲ್ಲಿ ಇಟ್ಟರೆ ಇಡೀ ಗಾಡಿಗೆ ತಾಗ್ತದೆ ಅಂದುಕೊಂಡೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಮೊದಲೇ ಹೆದರಿ ಬೆಂಡಾಗಿದ್ರಿ. ನಾನೂ ಹೆದರ್ತೇನೆ ಅಂತ ಗೊತ್ತಾದರೆ ಗಾಡಿ ಬಿಡುವುದು ಯಾರು?"

ಅವಳು ಹೆದರುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೂವತ್ತೆರಡು ವರ್ಷದಿಂದ ಜೊತೆಗಿದ್ದೇನೆ. ನಿನಗೆ ಏನೂ ಆಗುವುದಿಲ್ಲ, ಪ್ರಸಾದವನ್ನು ನಿನ್ನ ಬ್ಯಾಗಿನಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದೆ.

ಅವಳು ಗಂಟನ್ನು ಪುನಃ ಕಟ್ಟುತ್ತಾ ಹೇಳಿದಳು, "ಅದು ನನಗಲ್ಲ. ನನ್ನನ್ನು ನೋಡ್ಲಿಕ್ಕೆ ಅಷ್ಟು ದೊಡ್ಡ ಮೆಷಿನ್ ಉಂಟು, ಡಾಕ್ಟರ್ ಇದ್ದಾರೆ. ಒಂದು ದಿನ ಅಲ್ಲಿಂದ ನೀವು ಒಬ್ಬರೇ ಗಾಡಿ ಬಿಟ್ಟುಕೊಂಡು ಬರಬೇಕಾದೀತು. ಆ ದಿನ ದಾರಿಯಲ್ಲಿ ನಿಮಗೆ ಎಂತದೂ ಆಗಬಾರದು. ಅದಕ್ಕೆ ಇಟ್ಟದ್ದು."

ಚಹಾ ಆರಿತು. ನಾನು ಅತ್ತೆ. ಅವಳು ಅಳಲಿಲ್ಲ, ನನ್ನ ಕೈ ತೆಗೆದು ತನ್ನ ಎಡ ಮಣಿಕಟ್ಟಿನ ಮೇಲೆ ಇಟ್ಟುಕೊಂಡಳು. ಗುಂಯ್ ಎನ್ನುತ್ತಿತ್ತು.

ಸಂಜೆ ಶೀಳ್ ಫಾಟಾದ ತನಕ ಹೋಗಿ, ಏರು ಹತ್ತಿ ಬಂದೆವು. "ಹದಿನಾಲ್ಕು," ಎಂದಳು. "ಹದಿನಾಲ್ಕರಲ್ಲೇ ಉಂಟು. ಇಳೀಲಿಲ್ಲ." ಗಂಟನ್ನು ಗೇಜಿನ ಹಿಂದೆ ಕಟ್ಟಿದ್ದೇನೆ. ಅಲ್ಲಿ ಗಾಳಿಗೆ ಅಡ್ಡವಿಲ್ಲ.

12 ನವೆಂಬರ್, ಮಂಗಳವಾರ

ಹೊರಡುವ ಮುಂಚೆ ಮಣಿಕಟ್ಟು ಮುಟ್ಟಿ ನೋಡಿದೆ. ಸರಿ ಇದೆ.

ಪಾರ್ಕಿಂಗಿನಲ್ಲಿ ಜಾಗ ಇರಲಿಲ್ಲ, ಎಲ್ಲೋ ಗಲ್ಲಿಯಲ್ಲಿ ನಿಲ್ಲಿಸಿದೆ. ಬಾಗಿಲಿನ ಹತ್ತಿರ ಚಪ್ಪಲಿಗೆ ಹಾಕುವ ನೀಲಿ ಚೀಲ ಇಟ್ಟಿರುತ್ತಾರೆ. ಮೊದಲೂ ಇತ್ತಂತೆ.

ಆ ಯಂತ್ರಕ್ಕೂ ಒತ್ತಡ ತೋರಿಸುವ ಅಂಕಿಗಳಿವೆ. ಒಂದು ರಕ್ತ ಎಳೆಯುವುದಕ್ಕೆ, ಒಂದು ವಾಪಸು ಕೊಡುವುದಕ್ಕೆ. ಎಷ್ಟರೊಳಗೆ ಇರಬೇಕೆಂದು ಸಿಸ್ಟರ್ ಹೇಳಿಕೊಟ್ಟಳು. ವಾಪಸು ಹೋಗುವುದು: 7.30ಕ್ಕೆ 125. 8ಕ್ಕೆ 130. 8.30ಕ್ಕೆ 130. 9ಕ್ಕೆ 135. ಬಿ.ಪಿ. ಒಮ್ಮೆ ಸ್ವಲ್ಪ ಇಳಿಯಿತು, ಯಂತ್ರ ಕೂಗುವ ಮೊದಲೇ ನಾನು ಸಿಸ್ಟರನ್ನು ಕರೆದೆ. 9.30ಕ್ಕೆ ಬರೆದುಕೊಳ್ಳಲಿಲ್ಲ. ರಮಿತಾ ಸಣ್ಣವಳಿದ್ದಾಗಿನ ಏನೋ ಸುದ್ದಿ ಬಾಗಿ ಹೇಳುತ್ತಿದ್ದಳು.

ಹೋಗುವಾಗ ದಾರಿಯಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಸೂಜಿ ಚುಚ್ಚಿದ ಮೇಲೆ ನೆನಪಾಗಿ ಕೇಳಿದಳು, "ಇವತ್ತು ಏರಿನಲ್ಲಿ ಎಷ್ಟಿತ್ತು?"

"ಹದಿನಾಲ್ಕು," ಎಂದೆ.

ಲಾಗ್ ಬುಕ್ಕಿನಲ್ಲಿ ಸುಳ್ಳು ಬರೆಯಬಾರದು. ಏರು ಹತ್ತುವಾಗ ಅವಳ ತಲೆ ನನ್ನ ಕಡೆಗೆ ವಾಲಿತ್ತು. ನಾನು ಮುಳ್ಳು ನೋಡಿರಲಿಲ್ಲ.